ಕೆಂಪು ಕಾರಿಗೆ ಒಪ್ಪುವ ಟೈರು

ಒಂದಾನೊಂದು ಊರಿನಲ್ಲಿ ಗಾಳಿಗೇ ಸೆಡ್ಡು ಹೊಡೆಯುವ ಕೆಂಪು ರೇಸ್ ಕಾರೊಂದಿತ್ತು. ಅದರ ಒಡತಿಯಾದ ಅಜ್ಜಿ, "ಇದಕ್ಕೆ ಒಪ್ಪೋ ಟೈರು ನೀನೇ ಆರಿಸು, ಆವತ್ತೇ ಸ್ಟಿಯರಿಂಗ್ ನಿನ್ನ ಕೈಗೆ," ಎಂದು ಮೊಮ್ಮಗಳಿಗೆ ಮಾತು ಕೊಟ್ಟಿದ್ದಳು.

"ಈ ಅಗಲವಾಗಿರೋದು ಹಾಕಿಸಮ್ಮಾ, ಬೀದಿಯೇ ತಿರುಗಿ ನೋಡುತ್ತೆ," ಎಂದ ಟೈರಂಗಡಿಯವನು.

ಮೊಮ್ಮಗಳು ಮುಂದಿನ ಚಕ್ರವನ್ನು ಪೂರ್ತಿ ಒಂದು ಪಕ್ಕಕ್ಕೆ ಹೊರಳಿಸಿ, ಅದಕ್ಕೂ ಕಾರಿನ ಮೈಗೂ ನಡುವಿನ ಸಂದಿಗೆ ಅಂಗೈ ತೂರಿಸಿದಳು. ಹಳೆಯ ಟೈರಿದ್ದಾಗಲೇ ಅಲ್ಲಿ ಅಂಗೈ ಹಿಡಿಸುವಷ್ಟೇ ಜಾಗವಿತ್ತು.

"ಬೇಡಣ್ಣ, ತಿರುವಿನಲ್ಲಿ ಕಾರಿನ ಮೈಗೆ ಉಜ್ಜುತ್ತೆ. ಆ ಮೂಲೇಲಿರೋ ಸಾದಾದ್ದು ಕೊಡಿ. ಅಗಲ ಸರಿಯಿದೆ, ಮಳೆನೀರು ಹೊರಗೆಸೆಯೋ ಗೆರೆನೂ ಆಳವಾಗಿದೆ."

ಟೈರು ಕೂತ ಮೇಲೆ, ಪಕ್ಕದಲ್ಲೇ ನಿಂತು ನೋಡುತ್ತಿದ್ದ ಅಜ್ಜಿ ಬಗ್ಗಿ ತನ್ನ ಅಂಗೈಯನ್ನೂ ತೂರಿಸಿ ನೋಡಿದಳು. ಮುಖ ಊರಗಲ ಅರಳಿತು. "ನನ್ನ ಮೊಮ್ಮಗಳು ಕಣಯ್ಯಾ!" ಎಂದು ಅಂಗಡಿಯವನಿಗೆ ಹೇಳಿ, ಹೋಗಿ ಪಕ್ಕದ ಸೀಟಿನಲ್ಲಿ ಕುಳಿತಳು.

"ಹೊರಡೇ. ಆಮೆ ಥರ ಓಡಿಸಿದ್ರೆ ಇಳಿದು ನಡ್ಕೊಂಡೇ ಹೋಗ್ತೀನಿ!"