ಬಂಪರ್ ಕೆಳಗಿನ ಪಟ್ಟಿ

ಹೂವಿನ ಪಿಕಪ್ ಓಡಿಸುವ ಕಮಲಾಕ್ಷಮ್ಮ ಬಂಪರ್ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿಬಿಡಿ ಎಂದಾಗ ಮೆಕ್ಯಾನಿಕ್ ರುದ್ರಪ್ಪ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ.

“ಅದ್ಯಾಕೆ ಬೇಡ?”

“ಆಯಿಲ್ ಬದಲಿಸೋಕೆ ಅಡ್ಡ ಬರುತ್ತಣ್ಣ. ಇನ್ಮೇಲೆ ನಾನೇ ಕೆಳಗೆ ನುಗ್ಗಿ ಬದಲಿಸ್ತೀನಿ.”

ಹನ್ನೆರಡು ವರ್ಷದಿಂದ ಆ ಗಾಡಿಯ ರಿಪೇರಿಯನ್ನು ಅವನು ಬೇರೆಯವರ ಕೈಗೆ ಬಿಟ್ಟಿರಲಿಲ್ಲ. ಒಂದೊಂದೇ ಬೋಲ್ಟು ಬಿಚ್ಚುತ್ತ ಹೋದಂತೆ ಅವನ ಚಡಪಡಿಕೆ ಹೆಚ್ಚಿತು. ಕೊನೆಗೆ ಪಟ್ಟಿಯನ್ನು ಕಿತ್ತು ಪಕ್ಕಕ್ಕೆಸೆದು ಎದ್ದು ನಿಂತ.

“ನನ್ನ ಕೆಲಸದಲ್ಲಿ ಏನು ತಪ್ಪು ಕಂಡ್ರಮ್ಮ? ಬಾಯಿಬಿಟ್ಟು ಹೇಳಿ.”

ಆಕೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

“ಹೋದ ಸಲ ನೀವು ಆಯಿಲ್ ಬೋಲ್ಟು ಬಿಗಿ ಮಾಡೋದು ಮರೆತಿದ್ರಿ, ಆಯಿಲೆಲ್ಲ ಸೋರಿ ಘಾಟಿ ಮಧ್ಯೆ ಇಂಜಿನ್ ನಿಂತೋಯ್ತು. ಯಾರಿಗೂ ಹೇಳಿಲ್ಲ. ಇನ್ಮೇಲೆ ನೀವು ಪಕ್ಕದಲ್ಲಿ ಕೂತು ಹೇಳ್ಕೊಡಿ, ಬಿಗಿ ನಾನು ಮಾಡ್ತೀನಿ.”