ಸದ್ದಿಲ್ಲದ ಕಂತು

ಬಿಸಿಲಿಗೆ ಕಾದ ಬ್ಯಾಟರಿ ಸೆಲ್ಲಿನ ವಾಸನೆ ಬಂದರೆ ಈ ಮುದಿ ವಯಸ್ಸಿನಲ್ಲೂ ನನಗೆ ಮಿಶ್ರಿಕೋಟಿಯ ನಮ್ಮ ಪಡಸಾಲೆ ನೆನಪಾಗುತ್ತದೆ.

ನಾನು ಹುಡುಗನಾಗಿದ್ದಾಗ ವಾರಕ್ಕೊಮ್ಮೆ ಮಧ್ಯಾಹ್ನ ರೇಡಿಯೋದಲ್ಲಿ ಗಗನನೌಕೆಯ ನಾಟಕ ಬರುತ್ತಿತ್ತು. ವರ್ಷಗಟ್ಟಲೆ ನಡೆದ ನಾಟಕ ಅದು. ಓಣಿಯವರು ನಮ್ಮಲ್ಲಿ ಕೂತು ಬಿತ್ತನೆಯ ಸೇಂಗಾ ಸುಲಿಯುತ್ತ ಕೇಳುತ್ತಿದ್ದರು. ಅನ್ಯಗ್ರಹದವರೊಡನೆ ಕಾಳಗ ಬಂದರೆ ಎಲ್ಲರ ಕೈಯೂ ನಿಲ್ಲುತ್ತಿತ್ತು.

ಅಂದಿನ ಕಂತಿನಲ್ಲಿ ಕಾಳಗವಿರಲಿಲ್ಲ. ನೌಕೆಯಲ್ಲಿ ಒಬ್ಬನೇ ಉಳಿದವನು ಭೂಮಿಯನ್ನು ಕರೆದು, "ನಾನಿನ್ನೂ ಇದ್ದೇನೆ, ಕೇಳಿಸುತ್ತಿದೆಯೇ?" ಎಂದ. ಆಮೇಲೆ ಬಹಳ ಹೊತ್ತು ಮಾತೇ ಇಲ್ಲ.

"ಸೆಲ್ಲು ಸತ್ತಾವಲೇ, ಬಿಸಲಾಗ ಇಡು," ಎಂದರು ನಮ್ಮ ಕಾಕಾ ನನಗೆ.

"ಮುಟ್ಟಬ್ಯಾಡೋ ತಮ್ಮಾ, ಅಂವ ಉತ್ತರಕ್ಕ ಕಾಯಾಕತ್ತಾನ," ಎಂದಳು ಓಣಿಯ ಗೌರತ್ತೆ. ಮುಂಬೈ ಗಿರಣಿಗೆ ಹೋದ ಅವಳ ಗಂಡನ ಸುದ್ದಿ ಬಾರದೆ ವರ್ಷಗಳಾಗಿದ್ದವು.

"ನಿನಗ ಎಲ್ಲಾರೂ ದಾರಿ ಕಾಯೂವ್ರ ಕಾಣ್ತಾರ ಬಿಡವಾ!"

ಕಾಕಾನ ಮಾತಿಗೆ ಎಲ್ಲರೂ ನಕ್ಕರು. ರೇಡಿಯೋದ ಬಾಜುವಿಗೇ ಕೂತಿದ್ದ ನನಗೆ ಗಾಳಿಯಂಥ ಸಣ್ಣ ಸುಯ್ಯೆನ್ನುವ ಸದ್ದು ಕೇಳಿಸುತ್ತಿತ್ತು. ಸೆಲ್ಲು ಸತ್ತಿರಲಿಲ್ಲ. ಆದರೂ ನಗುತ್ತ ಅವನ್ನು ಕಿತ್ತು ಅಂಗಳದ ಬಂಡೆಯ ಮೇಲಿಟ್ಟೆ. ಕಾದ ಮೇಲೆ ಮತ್ತೆ ಹಾಕಿದಾಗ ನಾಟಕ ಮುಗಿದು ಹತ್ತಿಯ ಧಾರಣೆ ಹೇಳುತ್ತಿದ್ದರು.

"ಇವತ್ತಿಂದು ಬರೇ ಸಪ್ಪಿ," ಎಂದರು ಕಾಕಾ.

"ಇವತ್ತಿಂದಽ ಅಗದಿ ಛಲೋ ಇತ್ರಿ," ಎಂದಳು ಗೌರತ್ತೆ. ಈಗ ಕಾಳಗಗಳೆಲ್ಲ ಮರೆತುಹೋಗಿವೆ. ಆ ನಾಟಕದಲ್ಲಿ ನನಗೆ ಉಳಿದಿರುವುದು ಅದೊಂದೇ ಕಂತು.

ಉಡಿಯ ಸಿಪ್ಪೆ ಕೊಡವುತ್ತ ಅವಳು ನನ್ನ ಹತ್ತಿರ ಬಂದಳು. "ಅವಗ ಉತ್ತರ ಬಂದಿರತೈತೇನೋ?"

"ಬಂದಿರತೈತಿ, ಅತ್ತಿ."

"ಏನಂತ?"

ನಾನು ಇನ್ನೊಂದು ಸೇಂಗಾ ಒಡೆದೆ. ಅವಳು ನಿಂತೇ ಇದ್ದಳು. ಹತ್ತಿಯ ಧಾರಣೆ ಮುಗಿದಿರಲಿಲ್ಲ.