ತೇಕ್ಲೆಯ ಸರದಿ

"ಇವತ್ತೇ ಕೊನೆ, ಮೇಡಂ," ಎಂದು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಟ್ಟ ಜೆಮಾಲ್. "ಐದು ವಾರದಿಂದ ಬರ್ತಾ ಇದೀವಿ. ಇವಳ ಬಾಯಿಂದ ಒಂದು ಮಾತು ಬಂದಿಲ್ಲ. ನಾಳೆ ಹಳ್ಳಿಗೆ ಕರ್ಕೊಂಡು ಹೋಗಿ ಅವಳ ಸೋದರತ್ತೆ ಹತ್ರ ಬಿಡ್ತೀನಿ. ನಾಲ್ಕು ದಿನ ದ್ರಾಕ್ಷಿ ತೋಟದಲ್ಲಿ ಮೈ ಬಗ್ಗಿಸಿದ್ರೆ ಎಲ್ಲಾ ಸರಿಹೋಗತ್ತೆ."

ಪಕ್ಕದಲ್ಲಿ ಮಗಳು ತೇಕ್ಲೆ ನೆಲ ನೋಡುತ್ತ ಕೂತಿದ್ದಳು. ಹತ್ತೊಂಬತ್ತು ವರ್ಷ. ಚಳಿಗಾಲದಲ್ಲಿ ಕಾಲೇಜು ಬಿಟ್ಟು ಕೋಣೆ ಸೇರಿದವಳಿಗೆ ಆಮೇಲೆ ಮನೆಯವರ ಜೊತೆಯೂ ಮಾತಿಲ್ಲ. "ನಿನಗೆ ಹೋಗೋಕೆ ಇಷ್ಟ ಇದೆಯಾ, ತೇಕ್ಲೆ?" ಎಂದು ಮನೋವೈದ್ಯೆ ಎತೇರಿ ಮೆಲ್ಲಗೆ ಕೇಳಿದರು.

"ಇದೆ, ಇದೆ. ತೋಟ ಅಂದ್ರೆ ಪ್ರಾಣ ಅವಳಿಗೆ," ಎಂದ ಜೆಮಾಲ್.

ಐದು ವಾರವೂ ಹೀಗೇ. ಪ್ರಶ್ನೆ ಮಗಳಿಗೆ, ಉತ್ತರ ಅಪ್ಪನದು. ಜೆಮಾಲ್ ಕೆಟ್ಟವನೇನಲ್ಲ. ಮದುವೆಯಾಗಲಿ, ನಾಮಕರಣವಾಗಲಿ, ಲೋಟ ಎತ್ತಿ ಹಾರೈಸಲು ಕುತಾಯಿಸಿ ಊರಿನ ಜನ ಕರೆಯುವುದು ಅವನನ್ನೇ. ಅಂಥ ಬಾಯಿಗೆ ಬೀಗ ಹಾಕುವುದು ಯಾವ ವೈದ್ಯರ ಕೈಲೂ ಆಗದ ಕೆಲಸ.

ಎತೇರಿಗೆ ಸಾಕಾಗಿತ್ತು. ಸೆಕೆ ಬೇರೆ. ಎದ್ದು ಮೂರು ಲೋಟಕ್ಕೆ ಹಸಿರು ಲೆಮನೇಡ್ ಸುರಿದು ಕೊಟ್ಟರು. ಕೈಗೆ ಲೋಟ ಬಂದದ್ದೇ ತಡ, ಜೆಮಾಲ್ ಎದ್ದು ನಿಂತ. ಅದು ವೈನಲ್ಲ ಎನ್ನುವುದೂ ಅವನ ಗಮನಕ್ಕೆ ಬರಲಿಲ್ಲ.

"ನಮ್ಮ ಮಕ್ಕಳಿಗೆ!" ಎಂದು ಶುರು ಮಾಡಿದ. "ನಮಗಿಂತ ಎತ್ತರಕ್ಕೆ ಏರ್ಲಿ, ನಾವು ಪಟ್ಟ ಪಾಡು ಅವರಿಗೆ ಬೇಡ..." ಆರು ನಿಮಿಷ ನಡೆಯಿತು. ಕೊನೆಗೆ, ಮೂವತ್ತು ವರ್ಷದ ಅಭ್ಯಾಸ ನೋಡಿ, ಲೋಟವನ್ನು ಪಕ್ಕದವಳತ್ತ ಚಾಚಿ, "ಅಲವೆರ್ದಿ, ತೇಕ್ಲೆಗೆ!" ಎಂದುಬಿಟ್ಟ.

ಮರುಕ್ಷಣವೇ ನಾಲಗೆ ಕಚ್ಚಿಕೊಂಡ. ಅಲವೆರ್ದಿ ಎಂದಮೇಲೆ ಮುಗಿಯಿತು, ಹಾರೈಕೆ ಅವಳಿಗೆ ದಾಟಿತು, ಮುಂದುವರಿಸಬೇಕಾದವಳು ಅವಳೇ. ದಾಟಿಸಿದವರು ವಾಪಸ್ ಪಡೆಯುವಂತಿಲ್ಲ, ನಡುವೆ ಬಾಯಿ ಹಾಕುವಂತಿಲ್ಲ, ಅವಳು ಮುಗಿಸುವ ತನಕ ಎತ್ತಿದ ಲೋಟ ಇಳಿಸುವಂತಿಲ್ಲ, ಒಂದು ಗುಟುಕು ಕುಡಿಯುವಂತೆಯೂ ಇಲ್ಲ. ಟ್ರಾಫಿಕ್ ದೀಪಕ್ಕೆ ಮರ್ಯಾದೆ ಕೊಡದ ನಮ್ಮ ಜಾರ್ಜಿಯಾದ ಗಂಡಸರೂ ಇದಕ್ಕೆ ಕೊಡುತ್ತಾರೆ.

ಒಂದು ನಿಮಿಷ ಕಳೆಯಿತು. ಎರಡಾಯಿತು. ಜೆಮಾಲ್ ಎರಡು ಸಲ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ. ಎತೇರಿ ಹುಬ್ಬೇರಿಸಿ ಅವನನ್ನೇ ನೋಡುತ್ತಿದ್ದರು.

ತೇಕ್ಲೆ ಲೋಟ ಹಿಡಿದು ಎದ್ದಳು.

"ಮಕ್ಕಳಿಗೆ," ಎಂದಳು. ಧ್ವನಿ ಒಡೆದಿತ್ತು. "ಎತ್ತರಕ್ಕೆ ಏರೋ ಮಕ್ಕಳಿಗೆ ಅಪ್ಪ ಹಾರೈಸ್ದ. ನಂದು, ಹಾಸಿಗೆಯಿಂದ ಏಳೋಕೂ ಆಗದ ಮಕ್ಕಳಿಗೆ. ತಲೆ ಬಾಚ್ಕೊಂಡಿದ್ದೇ ಅವತ್ತಿನ ದೊಡ್ಡ ಕೆಲಸ ಆಗಿರೋರಿಗೆ." ಉಸಿರೆಳೆದುಕೊಂಡಳು. "ಮತ್ತೆ, ದಿನಾ ಬೆಳಿಗ್ಗೆ ಬಾಗಿಲಾಚೆ ನಿಂತು 'ಏಳೇ ಸೋಮಾರಿ' ಅಂತ ಕೂಗಿ, ಆಮೇಲೆ ಅಲ್ಲೇ ಕೂತು ಅಳೋ ಅಪ್ಪಂಗೆ. ಅಪ್ಪಾ, ಆ ಬಾಗಿಲು ತುಂಬಾ ತೆಳು. ನೀನು ಮೂಗು ಸೀಟೋದೂ ಕೇಳ್ಸತ್ತೆ."

ಎತೇರಿ ನಕ್ಕುಬಿಟ್ಟರು. ತೇಕ್ಲೆಗೂ ನಗು ಬಂತು. ಜೆಮಾಲ್ ಮಾತ್ರ ಅತ್ತ, ಲೋಟ ಇಳಿಸದೆಯೇ ಅತ್ತ.

"ಹಳ್ಳಿಗೆ ನಾನು ಹೋಗಲ್ಲ. ಇಲ್ಲಿಗೇ ಬರ್ತೀನಿ. ಇನ್ನು ಆ ಕಾಲೇಜಿನ ವಿಷಯಕ್ಕೆ ಬಂದ್ರೆ..."

ಬಂದಳು. ಕಾಲೇಜಿನ ವಿಷಯಕ್ಕೆ ಬಂದಳು, ಪರೀಕ್ಷೆಯ ಭಯಕ್ಕೆ ಬಂದಳು, ನಿದ್ದೆಯಿಲ್ಲದ ತಿಂಗಳುಗಳಿಗೆ ಬಂದಳು. ಅಪ್ಪನ ಮಗಳೇ ಸರಿ, ನಿಲ್ಲಿಸುವ ಲಕ್ಷಣವೇ ಕಾಣಲಿಲ್ಲ. ಲೋಟ ಎತ್ತಿ ಹಿಡಿದಿದ್ದ ಜೆಮಾಲನ ತೋಳು ನಡುಗತೊಡಗಿತು. ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡು ನಿಂತ. ಜೀವಮಾನದಲ್ಲೇ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಬಾಗಿಲು ಕಿರುಗುಟ್ಟಿತು. ಹೊರಗೆ ಕಾದಿದ್ದ ಗಂಡ ಹೆಂಡತಿ ಇಣುಕಿ, "ನಮ್ಮ ಟೈಮ್ ಆಗಿ ಕಾಲು ಗಂಟೆ ಆಯ್ತಲ್ಲ ಮೇಡಂ..." ಎಂದರು.

"ಶ್!" ಎಂದ ಜೆಮಾಲ್. "ಸದ್ದು ಮಾಡ್ಬೇಡಿ. ನನ್ನ ಮಗಳು ಮಾತಾಡ್ತಿದಾಳೆ."